ಮೂಳೆಯಿಂದ ಇಳಿದು ಬಂದವನು

ಮಾರ್ಚ್ ೪, ಮಂಗಳವಾರ

ಸಿಂಹಾಸನದಿಂದ ಉರುಳಿದ್ದರೆ ಒಂದು ಘನತೆ ಇರುತ್ತಿತ್ತು. ರಣರಂಗದಲ್ಲಿ ರಥ ಮುರಿದು ಬಿದ್ದಿದ್ದರೆ ಕೊನೆಯ ಸಾಲಿನ ಬೆಂಚಿನವರೂ ಎದ್ದು ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಬಿದ್ದದ್ದು ಬಚ್ಚಲುಮನೆಯ ಬಲ್ಬು ಬದಲಿಸಲು ಹತ್ತಿದ ಪ್ಲಾಸ್ಟಿಕ್ ಸ್ಟೂಲಿನಿಂದ! ಹದಿನೆಂಟು ನಾಟಕಗಳಲ್ಲಿ ಒಂಬತ್ತು ರಾಜ್ಯಗಳನ್ನು ಆಳಿದ ದೊರೆಗೆ ಮೊಣಕಾಲೆತ್ತರದ ಸ್ಟೂಲೊಂದು ಶತ್ರುವಾಗಿ ನಿಂತಿತು. ತೊಡೆಯಿಂದ ಕಾಲ್ಬೆರಳಿನ ತನಕ ಬಿಳಿ ಪ್ಲಾಸ್ಟರು. ಮೂಳೆ ಡಾಕ್ಟರು ಎಕ್ಸ್-ರೇ ಹಾಳೆಯನ್ನು ಬೆಳಕಿಗೆ ಹಿಡಿದು ತುಟಿ ಚಪ್ಪರಿಸಿದರು.

"ಒಣಗಿದ ರೊಟ್ಟಿ ಥರ ಆಗಿದೆ ಅಜ್ಜ ನಿಮ್ಮ ಮೂಳೆ. ಎಂಟು ವಾರ ಹಾಸಿಗೆ ಬಿಟ್ಟು ಏಳೋ ಹಾಗಿಲ್ಲ."

ಎಂಟು ವಾರ! ಅಷ್ಟರಲ್ಲಿ ನಾನು ಎರಡು ಸಾಮ್ರಾಜ್ಯ ಕಟ್ಟಿ ಒಂದನ್ನು ಕಳೆದುಕೊಳ್ಳಬಲ್ಲೆ.

ಮನೆಯಾಕೆ ಗೆರೆ ಎಳೆದ ಈ ನೋಟ್‌ಬುಕ್ಕನ್ನೂ ಪೆನ್ನನ್ನೂ ಎದೆಯ ಮೇಲಿಟ್ಟು ಹೋದಳು. "ಬಾಯಿಗೆ ಸ್ವಲ್ಪ ರಜಾ ಕೊಟ್ಟು ಕೈ ಆಡಿಸ್ರೀ. ಪಕ್ಕದ ಮನೆಯವ್ರೂ ಮನುಷ್ಯರೇ ಅಲ್ವಾ?"

ಆಗಲಿ. ಓದುವವರಿಲ್ಲದ ಈ ಪುಸ್ತಕಕ್ಕೆ ನಾನೇ ನಾಯಕ, ನಾನೇ ಪ್ರೇಕ್ಷಕ. ಮೊದಲು ಪಾತ್ರ ಪರಿಚಯ. ವಯಸ್ಸು ಎಪ್ಪತ್ತೆರಡು. ಬ್ಯಾಟರಿ ಕಾರ್ಖಾನೆಯ ಸೀಸದ ಕೋಣೆಯಲ್ಲಿ ಮೂವತ್ತನಾಲ್ಕು ವರ್ಷ ಸೀಸ ಕರಗಿಸಿದವನು. ಕಾರ್ಮಿಕರ ನಾಟಕ ಮಂಡಳಿಯಲ್ಲಿ ಇಪ್ಪತ್ತು ವರ್ಷ ರಾಜನ ಪಾತ್ರ ಬಿಟ್ಟು ಬೇರೆ ಪಾತ್ರ ಮುಟ್ಟದವನು. ಅಡ್ಡಹೆಸರು ದೊರೆ. ವೇದಿಕೆಯ ಮೇಲೆ ಒಂದೇ ಒಂದು ಮಾತು ಮರೆತವನಲ್ಲ. ನನ್ನ ನೆನಪು ಕಲ್ಲಿನಲ್ಲಿ ಕೆತ್ತಿದ್ದು, ಮರಳಲ್ಲಿ ಗೀಚಿದ್ದಲ್ಲ. ಇದನ್ನು ಮೊದಲ ಪುಟದಲ್ಲೇ ಬರೆದಿಡುತ್ತೇನೆ.

ಮಾರ್ಚ್ ೭, ಶುಕ್ರವಾರ

ಮಧ್ಯಾಹ್ನ ಸರಿಯಾಗಿ ಮೂರಕ್ಕೆ ಪಾಳಿ ಬದಲಾಗುವ ಸೈರನ್ ಕೂಗಿತು. ಉದ್ದಕ್ಕೆ ಒಂದು, ಗಿಡ್ಡಕ್ಕೆ ಎರಡು.

"ಕೇಳಿಸ್ತೇನೇ? ಎರಡನೇ ಪಾಳಿಯವರು ಒಳಗೆ ಹೋದ್ರು," ಎಂದೆ.

ಮನೆಯಾಕೆ ಬಟ್ಟೆ ಮಡಚುತ್ತಿದ್ದಳು. ಕೈ ನಿಂತಿತು. "ಕಾರ್ಖಾನೆ ಮುಚ್ಚಿ ಹನ್ನೊಂದು ವರ್ಷ ಆಯ್ತಲ್ರೀ. ಈಗಲ್ಲಿ ಸೋಫಾ ಗೋದಾಮು."

ಗೊತ್ತಿಲ್ಲದೆ ಏನು? ಊರಲ್ಲಿ ಬೇರೆ ಕಾರ್ಖಾನೆಗಳೇ ಇಲ್ಲವೇ? ಅವುಗಳಿಗೆ ಗಂಟಲಿಲ್ಲವೇ?

ಇನ್ನೊಂದು ಸುದ್ದಿ. ಇಲಿರಾಯನ ಹೆಂಡತಿ ಫೋನು ಮಾಡಿದ್ದಳಂತೆ. ಇಲಿರಾಯ ಯಾರೆಂದು ಈ ಪುಸ್ತಕಕ್ಕೆ ಗೊತ್ತಿಲ್ಲ, ಹೇಳಬೇಕು. ಸೀಸದ ಕೋಣೆಯಲ್ಲಿ ನನ್ನ ಪಕ್ಕದ ಕಡಾಯಿಯವನು. ನಾಟಕದಲ್ಲಿ ನಮ್ಮ ಪ್ರಾಂಪ್ಟರ್. ವೇದಿಕೆಯ ಕೆಳಗಿನ ಬಿಲದಂಥ ಜಾಗದಲ್ಲಿ ಮುದುರಿ ಕೂತು, ಪುಸ್ತಕದ ಮೇಲೆ ಟಾರ್ಚು ಬಿಟ್ಟುಕೊಂಡು, ಮರೆತವರಿಗೆ ಮಾತು ಎತ್ತಿಕೊಡುತ್ತಿದ್ದ. ಬಿಲದಲ್ಲಿ ಕೂರುವವನು ಇಲಿರಾಯನಾದ. ಅವನು ಸತ್ತು ಮೂವತ್ತೊಂದು ವರ್ಷ.

ಸೀಸದಿಂದ ಮೈ ಕೆಟ್ಟವರ ಹೆಸರುಗಳನ್ನು ಯಾವುದೋ ಕ್ಲಿನಿಕ್ಕಿನವರು ಈಗ ಪಟ್ಟಿ ಮಾಡುತ್ತಿದ್ದಾರಂತೆ. ಇಲಿರಾಯನ ಹೆಸರು ಸೇರಿಸಲಾಗದು ಎಂದರಂತೆ. ಕಾರ್ಖಾನೆಯ ಹಳೆಯ ದಾಖಲೆಯಲ್ಲಿ ಅವನ ಹೆಸರಿನ ಮುಂದೆ 'ಕುಡಿತ' ಎಂದಿದೆ. ಜೊತೆಗೆ ಕೆಲಸ ಮಾಡಿದವರು ಯಾರಾದರೂ ಅಲ್ಲವೆಂದು ಬರೆದುಕೊಟ್ಟರೆ ಅಳಿಸುತ್ತಾರಂತೆ.

"ಆ ಕೋಣೆಯವ್ರಲ್ಲಿ ಉಳಿದಿರೋರು ನೀವೊಬ್ರೇ ಅಂತೆ," ಎಂದಳು ಮನೆಯಾಕೆ. "ಬರ್ಲಿ ಅಂದೆ. ತಪ್ಪಾಯ್ತಾ?"

"ತಪ್ಪೇನು? ಬರಲಿ!" ಎಂದು ಗರ್ಜಿಸಿದೆ. ಆಮೇಲೆ ನೀರು ಕುಡಿದೆ. ನೀರು ಸಿಹಿಯಾಗಿತ್ತು.

ಮಾರ್ಚ್ ೧೧, ಮಂಗಳವಾರ

ಮಲಗಿ ಮಲಗಿ ಸೀಲಿಂಗಿನ ಬಿರುಕುಗಳೆಲ್ಲ ಬಾಯಿಪಾಠವಾದವು. ಇವತ್ತು ಸೀಸದ ಕೋಣೆಯನ್ನು ಬರೆಯುತ್ತೇನೆ.

ಉದ್ದನೆಯ ತಗಡಿನ ಮಾಡು. ಸಾಲಾಗಿ ಏಳು ಕಡಾಯಿ, ಏಳು ಜನ. ಕಡಾಯಿಯೊಳಗೆ ಸೀಸ ಕರಗಿ ಕನ್ನಡಿಯಾಗಿ ನಿಲ್ಲುತ್ತಿತ್ತು. ನಾವು ಅಲ್ಲೇ ಮೀಸೆ ತಿದ್ದುತ್ತಿದ್ದೆವು! ಕಾವು ಅಳೆಯಲು ಮೀಟರು ಇತ್ತು, ಕೆಟ್ಟಿತ್ತು. ನಾವು ಕಾಗದದ ಸುರುಳಿ ಅದ್ದುತ್ತಿದ್ದೆವು. ಕಂದು ಬಣ್ಣಕ್ಕೆ ತಿರುಗಿದರೆ ಹದ, ಭಗ್ಗೆಂದು ಹೊತ್ತಿದರೆ ಕಾವು ಹೆಚ್ಚು. ಮೇಲೆ ಕಟ್ಟುವ ಬೂದು ಕಿಟ್ಟವನ್ನು ಸಟ್ಟುಗದಿಂದ ಕೆನೆಯಂತೆ ತೆಗೆದು ಡಬ್ಬಕ್ಕೆ ಸುರಿದಾಗ ಹಿಟ್ಟಿನಂಥ ದೂಳು ಏಳುತ್ತಿತ್ತು. ಅದು ನಾಲಿಗೆಗೆ ಸಿಹಿ. ನಿಜವಾಗಿ ಸಿಹಿ. ದೂಳು ಜಾಸ್ತಿ ಇದ್ದ ದಿನ ಚಹಾಕ್ಕೆ ಸಕ್ಕರೆ ಬೇಡವೆಂದು ತಮಾಷೆ ಮಾಡುತ್ತಿದ್ದೆವು. ವಿಷ ತೊಳೆದು ಹೋಗಲೆಂದು ಕಾರ್ಖಾನೆ ದಿನಕ್ಕೊಂದು ಲೋಟ ಹಾಲು ಕೊಡುತ್ತಿತ್ತು. ಮಾಸ್ಕ್ ಕೂಡ ಕೊಟ್ಟಿತ್ತು, ರಬ್ಬರಿನದು, ಹಂದಿಮೂತಿಯ ಹಾಗೆ.

ಆದರೆ ನಾಟಕದ ತಾಲೀಮು ಎಲ್ಲಿ ಮಾಡುವುದು? ಪಾಳಿ ಮುಗಿದರೆ ಎಲ್ಲರಿಗೂ ಮನೆ, ಮಕ್ಕಳು. ಅದಕ್ಕೆ ನಾನೊಂದು ಉಪಾಯ ಹೂಡಿದೆ. ಕಡಾಯಿಯ ಮುಂದೆಯೇ ತಾಲೀಮು! ಏಳು ಜನರಲ್ಲಿ ಆರು ಮಂದಿ ಮಂಡಳಿಯ ನಟರೇ. ಏಳನೆಯವನು ಇಲಿರಾಯ. ಅವನು ಪುಸ್ತಕವನ್ನು ಇಟ್ಟಿಗೆಗೆ ಒರಗಿಸಿ ನಮಗೆಲ್ಲ ಮಾತು ಹೇಳಿಕೊಡುತ್ತಿದ್ದ, ನಾವು ಬೆಂಕಿಯ ಸದ್ದನ್ನು ಮೀರಿ ಕೂಗಿ ಒಪ್ಪಿಸುತ್ತಿದ್ದೆವು.

"ಮಾಸ್ಕು ತೆಗೀರೋ!" ಎಂದೆ ಮೊದಲ ದಿನವೇ. "ರಾಜಾಧಿರಾಜ ಅಂದ್ರೆ ಹಂದಿ ಗುರುಗುಟ್ಟಿದ ಹಾಗೆ ಕೇಳತ್ತೆ!"

ಆರು ಮಾಸ್ಕುಗಳು ಮೊಳೆಗೆ ನೇತುಬಿದ್ದವು. ಇಲಿರಾಯ ಅನುಮಾನಿಸಿದ. "ದೊರೆ, ಡಾಕ್ಟರು ಬೈತಾರಲ್ಲ?" ಅಂದ. "ಪ್ರಾಂಪ್ಟರೇ ಬಾಯಿ ಮುಚ್ಕೊಂಡ್ರೆ ನಾಟಕ ಏನು ಮಣ್ಣು ತಿನ್ನತ್ತಾ?" ಅಂದೆ. ಅವನದೂ ಮೊಳೆಗೆ ಹೋಯಿತು. ಹನ್ನೆರಡು ವರ್ಷ ಹಾಗೆ ನಡೆಯಿತು. ನಾವು ನಮ್ಮ ನಮ್ಮ ಸರದಿ ಬಂದಾಗ ಮಾತ್ರ ಬಾಯಿ ತೆರೆಯುತ್ತಿದ್ದೆವು. ಅವನು ಎಲ್ಲರ ಸರದಿಗೂ ತೆರೆಯಬೇಕಿತ್ತು.

ಎಂಥ ತಾಲೀಮು! ಆ ತಗಡು ಈಗಲೂ ಗುಂಯ್‌ಗುಡುತ್ತಿರಬೇಕು.

ಮಾರ್ಚ್ ೧೬, ಭಾನುವಾರ

ಕ್ಲಿನಿಕ್ಕಿನ ಡಾಕ್ಟರಮ್ಮ ಮನೆಗೇ ಬಂದರು. ನನ್ನ ಮಗಳಿಗಿಂತ ಚಿಕ್ಕವರು. ಬೂಟು ಬಾಗಿಲಲ್ಲೇ ಬಿಟ್ಟು, ಹಾಸಿಗೆಯ ಅಂಚಿನಲ್ಲಿ ಕೂತು, ರಕ್ತ ತೆಗೆದುಕೊಂಡರು. ಇಲಿರಾಯನ ಹೆಂಡತಿಯೇ ನನ್ನ ವಿಳಾಸ ಕೊಟ್ಟಿದ್ದಳಂತೆ.

"ಅಜ್ಜ, ಮೂರು ಮಾತು ಹೇಳ್ತೀನಿ. ಆಮೇಲೆ ಕೇಳ್ತೀನಿ, ನೆನಪಿಟ್ಕೊಳ್ಳಿ. ಚಮಚ, ಕಿಟಕಿ, ಕುದುರೆ."

ನಕ್ಕುಬಿಟ್ಟೆ. ನಲವತ್ತು ನಿಮಿಷದ ಸ್ವಗತ ಒಪ್ಪಿಸುವವನಿಗೆ ಚಮಚವೇ! ಆಕೆ ಏನೇನೋ ಕೇಳಿದರು. ನಿದ್ದೆ, ಹೊಟ್ಟೆ, ಕೋಪ. ನೂರರಿಂದ ಏಳೇಳು ಕಳೆಯಲು ಹೇಳಿದರು. ಮಧ್ಯದಲ್ಲಿ ಕೇಳಿದರು: "ಸೀಸದ ಕೋಣೆಯಲ್ಲಿ ಮಾಸ್ಕ್ ಹಾಕ್ಕೋತಿದ್ರಾ?"

"ಹಾಕ್ಕೋತಿದ್ವಿ," ಅಂದೆ.

"ಎಲ್ರೂ?"

"ಎಲ್ರೂ."

ಬರೆದುಕೊಂಡರು. ಆಮೇಲೆ, "ಮೂರು ಮಾತು ಏನಜ್ಜ?" ಎಂದರು.

"ಚಮಚ. ಕಿಟಕಿ." ಮೂರನೆಯದನ್ನು ಆಕೆ ಹೇಳಿರಲೇ ಇಲ್ಲ. ಹಾಗೆಂದು ಖಡಾಖಂಡಿತವಾಗಿ ಹೇಳಿದೆ. ಮನೆಯಾಕೆ ಕಿಟಕಿಯ ಕಡೆ ತಿರುಗಿದಳು. ಆಮೇಲೆ ಪುಟ ಹಿಂದಕ್ಕೆ ಸರಿಸಿ ನೋಡಿದರೆ ನಾನೇ ಮೂರನ್ನೂ ಬರೆದಿದ್ದೇನೆ. ಕೈಗೆ ನೆನಪಿದೆ, ಬಾಯಿಗಿಲ್ಲ. ಇರಲಿ.

ಹೊರಡುವಾಗ ಡಾಕ್ಟರಮ್ಮ ಹೇಳಿದ ಮಾತು ಮಾತ್ರ ಕಿವಿಯಲ್ಲಿ ಕೂತಿದೆ. "ಸೀಸ ರಕ್ತದಲ್ಲಿ ಬಹಳ ದಿನ ಇರಲ್ಲ ಅಜ್ಜ. ಮೂಳೆಗೆ ಹೋಗಿ ಕೂರತ್ತೆ. ಇಪ್ಪತ್ತು, ಮೂವತ್ತು ವರ್ಷ ಸುಮ್ಮನೆ ಇರತ್ತೆ. ವಯಸ್ಸಾಗಿ ಮೂಳೆ ಸವೆದಾಗ, ಮುರಿದು ಹೀಗೆ ಮಲಗಿದಾಗ, ಅಲ್ಲಿಂದ ಎದ್ದು ಮತ್ತೆ ರಕ್ತಕ್ಕೆ ಇಳಿಯತ್ತೆ. ಕೆಲವರಿಗೆ ತಲೆಗೂ ತೊಂದರೆ ಕೊಡತ್ತೆ. ನಿಮ್ಮದು ಅದೇನಾ, ಬರೀ ವಯಸ್ಸಾ, ಈಗಲೇ ಹೇಳೋಕಾಗಲ್ಲ."

ಅಂದರೆ ಕಾರ್ಖಾನೆ ಮುಚ್ಚಿಲ್ಲ. ಪಾಳಿ ಒಳಗಡೆ ನಡೆಯುತ್ತಿದೆ. ಪ್ಲಾಸ್ಟರಿನೊಳಗೆ ಯಾರೋ ಮೆತ್ತಗೆ ಬಾಗಿಲು ತೆಗೆಯುತ್ತಿದ್ದಾರೆ.

ಭೇಷ್! ನಾಟಕಕ್ಕೆ ಹೇಳಿ ಮಾಡಿಸಿದ ಮಾತು.

ಮಾರ್ಚ್ ೨೦, ಗುರುವಾರ

ಸೈರನ್ ಆದಮೇಲೆ ಇಲಿರಾಯ ಬಂದ.

ಸತ್ತವರು ಬರುವುದಿಲ್ಲವೆಂದು ನನಗೆ ಗೊತ್ತು. ನೋವಿನ ಮಾತ್ರೆಯ ಆಟವಿದು. ಆದರೂ ಬಂದವನನ್ನು ನಿಲ್ಲಿಸಿ ಮಾತಾಡಿಸುವುದು ಮರ್ಯಾದೆಯಲ್ಲ. "ಕೂತ್ಕೊಳ್ಳೋ," ಅಂದೆ. ಕಾಲ ಬಳಿಯ ಸ್ಟೂಲಿನ ಮೇಲೆ ಕೂತ. ನನ್ನನ್ನು ಬೀಳಿಸಿದ ಸ್ಟೂಲೇ. ಮೈತುಂಬ ಬೂದು ದೂಳು, ರೆಪ್ಪೆಯ ಮೇಲೂ. ಎರಡೂ ಮುಂಗೈ ಕೊನೆಯಲ್ಲಿ ಆಗಿದ್ದ ಹಾಗೆಯೇ ಜೋತಾಡುತ್ತಿದ್ದವು, ಮೊಳೆಗೆ ನೇತುಹಾಕಿದ ಕೈಚೀಲದಂತೆ. ಕೊನೇ ವರ್ಷ ಅವನಿಗೆ ಪುಸ್ತಕ ಹಿಡಿಯಲಾಗುತ್ತಿರಲಿಲ್ಲ.

ಆಮೇಲೆ ಮುಂದಕ್ಕೆ ಬಾಗಿ, ತುಟಿ ಅಲ್ಲಾಡದ ಹಾಗೆ, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಹೇಳಿದ:

"ಕುದುರೆ, ದೊರೆ."

ಹೋದ ಮೇಲೆ ಮನೆಯಾಕೆಯನ್ನು ಕರೆದು ಸ್ಟೂಲು ಒರೆಸಲು ಹೇಳಿದೆ. "ಬೆಳಿಗ್ಗೆ ತಾನೇ ಒರೆಸಿದೀನಿ," ಅಂದಳು. ಮತ್ತೆ ಒರೆಸಿದಳು, ಆ ಬಟ್ಟೆಯನ್ನು ಮಾತ್ರ ನನಗೆ ತೋರಿಸಲಿಲ್ಲ.

ಮಾರ್ಚ್ ೨೫, ಮಂಗಳವಾರ

ದಿನವೂ ಬರುತ್ತಾನೆ. ಒಳ್ಳೆಯದೇ ಆಯಿತು. ಇವತ್ತು ಹೆಂಗಸೊಬ್ಬಳು ಬಂದು ಹಣೆ ಮುಟ್ಟಿದಾಗ, ಯಾರಿವಳು ಎನ್ನುವಷ್ಟರಲ್ಲಿ ಸ್ಟೂಲಿನಿಂದ ಮಾತು ಬಂತು: "ಮಗಳು, ದೊರೆ. ಅಕ್ಕ ಅಲ್ಲ." ತಕ್ಷಣ "ಏನಮ್ಮಾ ಮಗಳೇ!" ಎಂದು ಅಬ್ಬರಿಸಿದೆ. ಅವಳ ಮುಖ ಅರಳಿತು. "ಹೋದ ವಾರ ಪೂರ್ತಿ ಅಕ್ಕಾ ಅಂತಿದ್ರಿ ಅಪ್ಪ, ಇವತ್ತು ಪರವಾಗಿಲ್ವಲ್ಲ," ಅಂದಳು. ಹೋದ ವಾರ ಇವಳು ಬಂದೇ ಇಲ್ಲ.

ಚಹಾ ಕುಡಿಯುವಾಗ ಬಟ್ಟಲು ತುಳುಕಿ ಎದೆಯ ಮೇಲೆ ಚೆಲ್ಲಿತು. ಮಗಳು ಒರೆಸುತ್ತ ತಮಾಷೆ ಮಾಡಿದಳು. "ಏನಪ್ಪ, ಅಮ್ಮನ ಕಣ್ಣು ತಪ್ಪಿಸಿ ಬಾಟ್ಲಿ ಏರಿಸ್ತಿದೀರಾ? ಕುಡುಕರ ಥರ ಕೈ ನಡುಗತ್ತಲ್ಲ!"

ನಾನು ಬಟ್ಟಲನ್ನು ಗೋಡೆಗೆ ಎಸೆದೆ.

ತಾಯಿ ಮಗಳು ಇಬ್ಬರೂ ಬೆಚ್ಚಿಬಿದ್ದರು. ನಾನೂ. ಮಗಳು ಚೂರುಗಳನ್ನು ಆಯ್ದಳು. ಸ್ಟೂಲಿನ ಮೇಲಿದ್ದವನು ಮಾತ್ರ ಕದಲಲಿಲ್ಲ. ನನ್ನನ್ನೇ ನೋಡುತ್ತಿದ್ದ, ಮಾತು ಮರೆತ ನಟನನ್ನು ನೋಡುವ ಹಾಗೆ.

ಸರಿ, ಬರೆಯುತ್ತೇನೆ. ಓದುವವರು ಯಾರೂ ಇಲ್ಲವಲ್ಲ.

ಮೂವತ್ತೆರಡು ವರ್ಷದ ಹಿಂದೆ ಇಲಿರಾಯನ ಕೈ ನಡುಗಲು ಶುರುವಾಯಿತು. ನಡೆಯುವಾಗ ಓಲಾಡುತ್ತಿದ್ದ. ಪ್ರಾಂಪ್ಟರೇ ಪುಟ ಮರೆಯತೊಡಗಿದ. ಒಂದು ದಿನ ಸಟ್ಟುಗದ ಸಮೇತ ಮುಗ್ಗರಿಸಿ ಕಡಾಯಿಯ ಅಂಚಿಗೆ ಬಿದ್ದ. ಮ್ಯಾನೇಜರು ನನ್ನೊಬ್ಬನನ್ನೇ ಒಳಗೆ ಕರೆದು ಬಾಗಿಲು ಹಾಕಿದರು. ಮೇಜಿನ ಮೇಲೆ ಅರ್ಧ ತುಂಬಿದ ಒಂದು ಫಾರಂ.

"ಡಾಕ್ಟರು ದೂಳಿರಬಹುದು ಅಂತಾರೆ. ದೂಳು ಅಂತ ಬರೆದ್ರೆ ಮೇಲಿನವರು ಬಂದು ತನಿಖೆ ಮಾಡ್ತಾರೆ. ಮಾಸ್ಕು ಯಾಕೆ ಮೊಳೆ ಮೇಲಿದೆ ಅಂತ ಕೇಳ್ತಾರೆ. ನಿಮ್ಮ ನಾಟಕ-ಗೀಟಕ ಎಲ್ಲ ಬಂದ್. ನೀನು ಅವನ ಜೊತೆಗಾರ, ನೀನೇ ಹೇಳು. ಕುಡೀತಾನಾ?"

ಶನಿವಾರ ವಾರ್ಷಿಕ ಪ್ರದರ್ಶನ. ನನಗೆ ಹೊಸ ಕಿರೀಟ ಮಾಡಲು ಕೊಟ್ಟಾಗಿತ್ತು.

"ಸ್ವಲ್ಪ ಕುಡೀತಾನೆ ಸಾರ್," ಅಂದೆ.

ಅವನು ಹಾಲು ಬಿಟ್ಟು ಬೇರೇನೂ ಕುಡಿದವನಲ್ಲ. ಸೋಮವಾರ ಅವನನ್ನು ಕೆಲಸದಿಂದ ತೆಗೆದರು. ಹದಿನಾಲ್ಕು ತಿಂಗಳಿಗೆ ಸತ್ತ. ಬೀದಿಯ ಹುಡುಗರು 'ಕುಡುಕ ಕುಡುಕ' ಎಂದು ಹಿಂದೆ ಬೀಳುತ್ತಿದ್ದರು. ಆ ಮಾತು ಹೇಳಿದ್ದು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಶನಿವಾರ ಚಪ್ಪಾಳೆ ಏಳು ನಿಮಿಷ ಬಿದ್ದಿತ್ತು.

ಮಾರ್ಚ್ ೨೮, ಶುಕ್ರವಾರ

ಡಾಕ್ಟರಮ್ಮನ ಫೋನು. ರಕ್ತದಲ್ಲಿ ಸೀಸ ಇರಬೇಕಾದ್ದಕ್ಕಿಂತ ಬಹಳ ಹೆಚ್ಚಿದೆಯಂತೆ. ಮಾತ್ರೆ ಕೊಟ್ಟು ನೋಡೋಣ, ಆದರೆ ಹೋದದ್ದು ಎಷ್ಟು ವಾಪಸ್ಸು ಬರುತ್ತದೋ ಹೇಳಲಾಗದು ಎಂದರಂತೆ. ಮನೆಯಾಕೆ ಗೋಡೆಯ ಕಡೆ ಮುಖ ಮಾಡಿ "ಹೂಂ, ಹೂಂ" ಎನ್ನುತ್ತಿದ್ದಳು.

ಇಲಿರಾಯನ ಹೆಂಡತಿ ಏಪ್ರಿಲ್ ಎಂಟಕ್ಕೆ ಬರುತ್ತಾಳೆ.

ನಿರ್ಧಾರ ಮಾಡಿದೆ. ಅವಳೆದುರು ಹೇಳುತ್ತೇನೆ. ಹೇಳಿ, ಬರೆದೂ ಕೊಡುತ್ತೇನೆ. ತಲೆಯಲ್ಲಿ ಇರುವಾಗಲೇ ಕೊಟ್ಟುಬಿಡಬೇಕು. ನನ್ನ ಜೊತೆ ಇದೂ ಹೋದರೆ ಅವನು ಎಂದೆಂದಿಗೂ ಕುಡುಕನೇ. ಪಾತ್ರದ ಮಾತು ಇಷ್ಟೇ:

ಅವನು ಕುಡಿಯುತ್ತಿರಲಿಲ್ಲ. ಕುಡಿಯುತ್ತಾನೆ ಎಂದವನು ನಾನು. ಮಾಸ್ಕ್ ತೆಗೆಸಿದವನೂ ನಾನೇ.

ಮೂರು ಸಾಲು. ಹನ್ನೊಂದು ದಿನ. ನನಗಾ ಕಷ್ಟ?

ಏಪ್ರಿಲ್ ೧, ಮಂಗಳವಾರ

ಅವನು ಅವನು ಕುಡಿಯುತ್ತಿರಲಿಲ್ಲ ಕುಡಿಯುತ್ತಾನೆ ಎಂದವನು

ಮೂರನೆಯ ಸಾಲು ನಿಲ್ಲುತ್ತಿಲ್ಲ. ಹಿಂದಿನ ಪುಟ ನೋಡಿ ಬರೆದೆ: ಮಾಸ್ಕ್ ತೆಗೆಸಿದವನೂ ನಾನೇ. ನೋಟ್‌ಬುಕ್ಕು ಮುಚ್ಚಿದರೆ ಮತ್ತೆ ಇಲ್ಲ.

ಈಗ ಅವನೊಬ್ಬನೇ ಅಲ್ಲ. ಮೂರು ಗಂಟೆಗೆ ಕಿಟಕಿಯ ಆಚೆ ಉಳಿದ ಐದು ಜನವೂ ನಿಲ್ಲುತ್ತಾರೆ. ನಮ್ಮ ಮಂಡಳಿಯವರು. ಕುತ್ತಿಗೆಯಲ್ಲಿ ಮಾಸ್ಕು ಜೋತಾಡುತ್ತಿದೆ. ಬಾಯಿ ತೆರೆದೇ ಇದೆ, ಸದ್ದಿಲ್ಲ. ನನ್ನ ಮಾತು ಮುಗಿದರೆ ತಮ್ಮ ಸರದಿ ಎಂದು ಕಾಯುವವರ ಹಾಗೆ. ಬಿಸಿಲು ಅವರ ಮೇಲೆ ಬಿದ್ದರೂ ನೆಲದ ಮೇಲೆ ಕಿಟಕಿಯ ಸರಳಿನ ನೆರಳಷ್ಟೇ.

"ಅವರಿಗೆ ಕುರ್ಚಿ ಹಾಕೇ," ಅಂದೆ ಮನೆಯಾಕೆಗೆ.

"ಎಷ್ಟು?" ಅಂದಳು. ಜಗಳ ಮಾಡಲಿಲ್ಲ.

"ಐದು."

ಅವಳು ನಿಜವಾಗಿ ಹಾಕಿದಳು. ಊಟದ ಮೇಜಿನ ನಾಲ್ಕು, ಹಿತ್ತಲಿನದೊಂದು. ಆಮೇಲೆ ಬಂದು ನನ್ನ ಪಕ್ಕದಲ್ಲಿ ಕೂತು ಆ ಖಾಲಿ ಕುರ್ಚಿಗಳನ್ನೇ ನೋಡಿದಳು. ಖಾಲಿ ಎಂದು ಯಾಕೆ ಬರೆದೆ?

ಏಪ್ರಿಲ್ ೪

ಗೆದ್ದೆ! ಗೆದ್ದೆ! ಹೇಳಿಬಿಟ್ಟೆ!

ಇಲಿರಾಯನ ಹೆಂಡತಿ ಇವತ್ತೇ ಬಂದಳು. ಮೂರು ಗಂಟೆಗೆ. ಹಾಸಿಗೆಯ ಪಕ್ಕ ಕೂತು ನನ್ನ ಉಗುರು ಕತ್ತರಿಸುತ್ತಿದ್ದಳು. ಒಳ್ಳೆಯ ಹೆಂಗಸು, ಬಂದವಳೇ ಕೆಲಸಕ್ಕೆ ಕೈಹಾಕಿದ್ದಾಳೆ. ಅವನು ಸ್ಟೂಲಿನಿಂದ ಬಾಗಿ "ಈಗ, ದೊರೆ," ಅಂದ. ನಾನು ಉಸಿರು ತುಂಬಿಕೊಂಡೆ.

"ತಂಗೀ! ಅವನು ಕುಡಿಯುತ್ತಿರಲಿಲ್ಲ. ಕುಡಿಯುತ್ತಾನೆ ಎಂದವನು ನಾನು. ಮಾಸ್ಕ್ ತೆಗೆಸಿದವನೂ ನಾನೇ!"

ಮೂರೂ ಸಾಲು! ಒಂದಕ್ಷರ ಜಾರಲಿಲ್ಲ. ಮ್ಯಾನೇಜರ ಕೋಣೆ, ಫಾರಂ, ಶನಿವಾರದ ನಾಟಕ, ಹೊಸ ಕಿರೀಟ, ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ದನಿ ಹೇಗೆ ಏರಿತೆಂದರೆ ಪಕ್ಕದ ಮನೆಯ ನಾಯಿ ಬೊಗಳಿತು.

ಅವಳ ಕೈಯಿಂದ ಕತ್ತರಿ ನೆಲಕ್ಕೆ ಬಿತ್ತು. "ಇಷ್ಟು ವರ್ಷ ನನ್ ಹತ್ರಾನೂ ಹೇಳ್ಲಿಲ್ವಲ್ರೀ," ಅಂದಳು. ಎದ್ದು ನೇರ ಅಡುಗೆಮನೆಗೆ ಹೋದಳು. ದಾರಿ ಕೇಳಲಿಲ್ಲ. ನಲ್ಲಿ ಬಿಟ್ಟು ಒಂದೇ ಪಾತ್ರೆಯನ್ನು ಎಷ್ಟೋ ಹೊತ್ತು ತೊಳೆದಳು. ಹೊರಗೆ ಬಂದಾಗ ನನ್ನ ಹೆಂಡತಿಯ ಕನ್ನಡಕವನ್ನೇ ಹಾಕಿಕೊಂಡಿದ್ದಳು. ಕೇಳಿದರೆ ಏನೆಂದುಕೊಳ್ಳುತ್ತಾಳೋ ಎಂದು ಸುಮ್ಮನಾದೆ.

ಮನೆಯಾಕೆ ಬಂದ ಮೇಲೆ ಹೇಳಬೇಕು, ಅವಳು ಇವತ್ತು ಎಲ್ಲಿಗೋ ಹೋಗಿದ್ದಾಳೆ.

ಏಪ್ರಿಲ್

ಇವತ್ತು ಯಾರೋ ಬರುತ್ತಾರೆಂದು ಶರ್ಟು ಬದಲಿಸಿದರು. "ಎಂಟನೇ ತಾರೀಕು," ಎಂದಳು ಮನೆಯಾಕೆ. "ನೀವು ನನಗೆ ಹೇಳಿದ್ರಲ್ಲ, ಅದನ್ನೇ ಅವರಿಗೆ ಹೇಳ್ಬೇಕು."

"ಹೇಳಿಯಾಯ್ತಲ್ಲ," ಅಂದೆ.

"ಇನ್ನೊಂದು ಸಲ. ಇದೊಂದು ಸಲ."

ಬಂದವಳು ಸಣ್ಣ ಮುದುಕಿ. ಬೂದು ಶಾಲು. ಚೀಲವನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದು ಕೂತಳು. "ಗುರ್ತು ಸಿಕ್ತಾ ಅಣ್ಣ?" ಅಂದಳು. ನಾನು ಸ್ಟೂಲಿನ ಕಡೆ ನೋಡಿದೆ. ಸ್ಟೂಲಿನಲ್ಲಿ ಯಾರೂ ಇರಲಿಲ್ಲ. ಕಿಟಕಿಯಲ್ಲೂ ಇರಲಿಲ್ಲ. ಸೈರನ್ನೂ ಆಗಲಿಲ್ಲ. ನನಗೆ ಭಯವಾಯಿತು. ಮುಂಚೆ ಜನರ ಮುಂದೆ ಭಯವಾಗುತ್ತಿರಲಿಲ್ಲ.

ಆಗ ಕಿವಿಯ ಹತ್ತಿರ ಮೆಲ್ಲನೆ ಒಂದು ದನಿ. ಹೆಂಗಸಿನದು. "ಅವನು ಕುಡಿಯುತ್ತಿರಲಿಲ್ಲ."

ಮನೆಯಾಕೆ ದಿಂಬಿನ ಪಕ್ಕ ಬಾಗಿದ್ದಳು. ಕೈಯಲ್ಲಿ ಈ ನೋಟ್‌ಬುಕ್ಕು.

"ಅವನು ಕುಡಿಯುತ್ತಿರಲಿಲ್ಲ," ಅಂದೆ.

"ಕುಡಿಯುತ್ತಾನೆ ಎಂದವನು ನಾನು."

ಅದನ್ನೂ ಅಂದೆ. ಮೂರನೆಯದನ್ನು ಅವಳು ಹೇಳಿಕೊಡುವ ಮೊದಲೇ ಅಂದೆ. ಎಲ್ಲಿಂದ ಬಂತೋ. ಅಳು ಬಂತು. ಅದು ಪಾತ್ರದಲ್ಲಿ ಇತ್ತೋ ಇಲ್ಲವೋ ಗೊತ್ತಿಲ್ಲ.

ಶಾಲಿನ ಮುದುಕಿ ಬೈಯುತ್ತಾಳೆಂದುಕೊಂಡೆ. ಅವಳು ನನ್ನನ್ನು ನೋಡಲೇ ಇಲ್ಲ, ತನ್ನ ಚೀಲವನ್ನು ನೋಡುತ್ತ ಹೇಳಿದಳು.

"ನಾನೂ ನಂಬಿದ್ದೆ. ಇಲ್ಲ ಕಣೇ, ಇಲ್ಲ ಕಣೇ ಅಂತ ಅವ್ರು ಎಷ್ಟು ಹೇಳಿದ್ರು. ಅವ್ರು ಮಲಗಿದ ಮೇಲೆ ಕೋಟಿನ ಜೇಬು, ಅಟ್ಟ, ಕಟ್ಟಿಗೆ ರಾಶಿ ಎಲ್ಲಾ ಕಡೆ ಬಾಟ್ಲಿ ಹುಡುಕಿದೀನಿ. ಒಂದೂ ಸಿಗ್ಲಿಲ್ಲ. ಎಷ್ಟು ಚೆನ್ನಾಗಿ ಬಚ್ಚಿಡ್ತಾರೆ ಅಂದ್ಕೊಂಡೆ ಹೊರತು..."

ಮನೆಯಾಕೆ ಹೋಗಿ ಅವಳ ಪಕ್ಕ ನೆಲದ ಮೇಲೆ ಕೂತಳು. ಇಬ್ಬರು ಮುದುಕಿಯರು ಕೈ ಹಿಡಿದುಕೊಂಡು ಕೂತಿದ್ದರು. ಆಮೇಲೆ ಅದೆಲ್ಲ ಬರೆದ ನೋಟ್‌ಬುಕ್ಕಿನ ಒಂದು ಪುಟಕ್ಕೆ ರುಜು ಹಾಕಿಸಿದರು. ಪೆನ್ನು ಜಾರಿತು, ಮನೆಯಾಕೆ ಮಣಿಕಟ್ಟು ಹಿಡಿದಳು. ಹೋಗುವಾಗ ಶಾಲಿನವಳು ಬಾಗಿಲಲ್ಲಿ ನಿಂತು, "ಕ್ಷಮಿಸಿದೀನಿ ಅಂತ ಹೇಳಲ್ಲ ಅಣ್ಣ," ಅಂದಳು. "ಆದ್ರೆ ಹೇಳಿದ್ರಲ್ಲ."

ಚಪ್ಪಾಳೆ ಬೀಳಲಿಲ್ಲ.

ಶನಿವಾರ

ಮೂರು ಗಂಟೆಗೆ ಯಾರೂ ಬರುವುದಿಲ್ಲ. ನೀರು ನೀರಿನ ಹಾಗೆ ಇದೆ.

ನೋಟ್‌ಬುಕ್ಕಿನಲ್ಲಿ ಒಂದು ಪುಟ ಹರಿದಿದೆ. ಯಾರೋ ಕದ್ದಿದ್ದಾರೆ. ಮನೆಯಾಕೆಯನ್ನು ಕೇಳಿದೆ.

"ನೀವೇ ಕೊಟ್ರಿ. ಕ್ಲಿನಿಕ್ಕಿನವ್ರು ತಗೊಂಡ್ರು. ನಿನ್ನೆ ಆ 'ಕುಡಿತ' ಅನ್ನೋ ಮಾತು ಅಳಿಸಿ ಪಟ್ಟಿಗೆ ಹೆಸರು ಬರ್ಕೊಂಡ್ರಂತೆ."

"ಏನಿತ್ತು ಅದರಲ್ಲಿ?"

ಅವಳು ನನ್ನ ಮುಖ ನೋಡಿದಳು. "ಬೇಕಾ?"

"ಹೇಳು."

ಹೇಳಿದಳು. ಕಾರ್ಖಾನೆಯಲ್ಲಿ ಒಬ್ಬನಂತೆ. ನಾಟಕದ ಹುಚ್ಚಿಗೆ ಜೊತೆಗಾರರ ಮಾಸ್ಕು ತೆಗೆಸಿದನಂತೆ. ವಿಷ ತಲೆಗೇರಿ ಗೆಳೆಯ ಬಿದ್ದಾಗ, ಅವನು ಕುಡುಕ ಎಂದು ಹೇಳಿ ತಾನು ಕಿರೀಟ ಹಾಕಿಕೊಂಡನಂತೆ. ಕೇಳುತ್ತಿದ್ದ ಹಾಗೆ ನನ್ನ ಮೈ ಉರಿದುಹೋಯಿತು. ಬಹಳ ದಿನದ ಮೇಲೆ ದೊಡ್ಡ ದನಿ ಬಂತು.

"ಎಂಥ ನೀಚ ಅವನು! ಬದುಕಿದಾನಾ?"

"ಇದಾರೆ."

ಅಂಥವನಿಗೂ ಎಷ್ಟು ಮರ್ಯಾದೆ ಇವಳದು! "ಕರೆಸು ಅವನನ್ನ," ಅಂದೆ. "ನನ್ನ ಎದುರು ನಿಲ್ಲಿಸು."

"ನಿಲ್ಲೋಕಾಗಲ್ಲ ಅವ್ರಿಗೆ. ಕಾಲು ಮುರಿದಿದೆ. ಮಲಗಿದಲ್ಲೇ ಇದಾರೆ. ನೆನಪೂ ಹೋಗ್ತಾ ಇದೆ."

ಸಿಟ್ಟು ಇಳಿಯಿತು. ಎಷ್ಟು ಕೆಟ್ಟವನಾದರೂ ಮುಪ್ಪಲ್ಲವೇ.

"ಪಾಪ," ಅಂದೆ. "ಒಬ್ಬನೇ ಇದ್ದಾನೋ ಏನೋ."

ಅವಳು ಹೊದಿಕೆಯನ್ನು ನನ್ನ ಗಲ್ಲದ ತನಕ ಎಳೆದು ಸರಿಮಾಡಿದಳು.

"ಒಬ್ರೇ ಇಲ್ಲ," ಅಂದಳು.